ಅಮ್ಮ ಗಂಟು ಹಾಕಿದ ಮೂಲೆ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಎಸ್ಟೇಟಿನ ರೈಟರು. ಆಳುಗಳ ಹಾಜರಿ ಹಿಡಿಯುವುದು, ಕಾಫಿ ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು ಅವರ ಕೆಲಸ. ನಾನು ಹತ್ತನೇ ಕ್ಲಾಸಿನ ಕೊನೆಯ ಪರೀಕ್ಷೆ ಬರೆದು ಬಂದ ದಿನ ಅವರು ಅಪ್ಪನನ್ನು ನಿಲ್ಲಿಸಿಕೊಂಡು ನಾಲ್ಕು ಜನರ ಎದುರಿಗೇ ಹೇಳಿದರು.

"ಲೈನ್ ಮನೆ ಹುಡ್ಗೀರು ಪಿಯುಸಿ ಮುಗ್ಸೋದೇ ದೊಡ್ದು ಕಣೋ. ಡಿಗ್ರಿ ಅಂತೆ ಡಿಗ್ರಿ! ಆಗಾಕಿಲ್ಲ ಮಾರಾಯ. ಬೇಕಾದ್ರೆ ಬರ್ಕೊಡ್ತೀನಿ."

ಅಪ್ಪ ನಕ್ಕು ಸುಮ್ಮನಾದ. ಅಮ್ಮ ನಗಲಿಲ್ಲ. "ಬರ್ಕೊಡಿ ರೈಟ್ರೇ, ಅದ್ನ ಓದಕ್ಕಾದ್ರೂ ಮನೇಲಿ ಒಬ್ರು ಬೇಕಲ್ಲ," ಎಂದಳು.

ನಾನು ಈಗ ಬಿ.ಎ. ಪಾಸಾದವಳು. ಅಪ್ಪನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ ಕಾಲೇಜಿನ ಬೆಂಚಿನ ಮೇಲೆ ಕೂತವರು ನನಗಿಂತ ಮೊದಲು ಯಾರೂ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟೇ ಗಳಿಸಿದ್ದೇನೆ. ಆದರೆ ಹೇಗೆ ಓದಿದೆ ಎಂದು ಯಾರಾದರೂ ಕೇಳಿದರೆ ಬಸ್ಸಿನ ಕಥೆ ಹೇಳಿ ಮುಗಿಸುತ್ತೇನೆ. ರತ್ನಗಂಬಳಿಯ ವಿಷಯವನ್ನು ಇಷ್ಟು ವರ್ಷ ಮನೆಯ ಹೊರಗೆ ಯಾರಿಗೂ ಹೇಳಿಲ್ಲ.

ನಮ್ಮ ಲೈನ್, ಅಂದರೆ ಎಸ್ಟೇಟಿನ ಆಳುಗಳ ಸಾಲುಮನೆ, ಇರುವುದು ಹೊಂಗಡಹಳ್ಳದ ಕಡೆ, ಬಿಸಿಲೆ ರಸ್ತೆಯಿಂದ ಒಂದೂವರೆ ಮೈಲಿ ಒಳಗೆ. ಅಪ್ಪ ತೋಟದ ಕೆಲಸಕ್ಕೆ ಹೋಗುತ್ತಿದ್ದ. ಅಮ್ಮನಿಗೆ ಎಸ್ಟೇಟಿನ ಮಾಲೀಕರ ಬಂಗಲೆಯ ಒಳಗಿನ ಕೆಲಸ. ಗುಡಿಸುವುದು, ಒರೆಸುವುದು, ಪಾತ್ರೆ, ಬಟ್ಟೆ. ಆ ಬಂಗಲೆಯ ಹಾಲಿನಲ್ಲಿ ಟೀಪಾಯಿಯ ಕೆಳಗೆ ಒಂದು ರತ್ನಗಂಬಳಿ ಇತ್ತು. ಆರಡಿ ಉದ್ದ, ನಾಲ್ಕಡಿ ಅಗಲ. ಕೆಂಪು ಮೈ, ನಡುವೆ ಕಡುನೀಲಿಯ ದೊಡ್ಡ ಹೂವು, ಸುತ್ತ ಕೆನೆಬಣ್ಣದ ಅಂಚು, ಆ ಅಂಚಿನ ತುಂಬ ಕೆಂಪು, ನೀಲಿಯ ಬಳ್ಳಿ. ಪರ್ಷಿಯಾದ ನಮೂನೆಯಂತೆ, ಮಾಡಿದ್ದು ಕಾಶ್ಮೀರದಲ್ಲಂತೆ. ಬಂಗಲೆಯ ಅಮ್ಮಾವ್ರ ಮದುವೆಯಲ್ಲಿ ಅವರ ತಾಯಿ ಕೊಟ್ಟದ್ದು.

ಅಮ್ಮ ಹುಟ್ಟಿದ್ದು ಆಲೂರಿನ ಕಡೆಯ ಕಂಬಳಿ ನೇಯುವವರ ಮನೆಯಲ್ಲಿ. ನಡೆಯಲು ಕಲಿಯುವ ಮೊದಲೇ ಉಣ್ಣೆ ಹಿಂಜಲು ಕಲಿತಿದ್ದೆ ಎಂದು ತಮಾಷೆ ಮಾಡುತ್ತಿದ್ದಳು. ಬಂಗಲೆಯ ಕೆಲಸಕ್ಕೆ ಸೇರಿದ ಮೊದಲ ದಿನವೇ ಆ ರತ್ನಗಂಬಳಿಯ ಅಂಚನ್ನು ಮಗುಚಿ ಹಿಂಭಾಗ ನೋಡಿದ್ದಳು. ಸಂಜೆ ಮನೆಗೆ ಬಂದವಳು ಒಲೆ ಹಚ್ಚುವುದನ್ನೂ ಮರೆತು ಅದನ್ನೇ ಹೇಳಿದಳು.

"ಅದು ನೇಯ್ದಿರೋದಲ್ಲ ಕಣವ್ವ. ಒಂದೊಂದೂ ಗಂಟು. ಸಾಸ್ವೆ ಕಾಳಿನಷ್ಟು ಗಂಟು. ಯಾವ ಪುಣ್ಯಾತ್ಮ ಕೂತು ಕಟ್ಟಿದ್ನೋ, ಅವನ ಕಣ್ಣು ಏನಾಗೈತೋ!"

ಆಮೇಲೆ ಅದರ ಆರೈಕೆ ಪೂರ್ತಿ ಅಮ್ಮನದೇ ಆಯಿತು. ನಾನು ಸ್ಕೂಲಿಗೆ ರಜೆಯಿದ್ದ ದಿನ ಅವಳ ಜೊತೆ ಹೋದರೆ ಅದರ ಮೇಲೆ ಕಾಲಿಡಲು ಬಿಡುತ್ತಿರಲಿಲ್ಲ. ಅಮ್ಮಾವ್ರ ಮಗನೇ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದ. ನಾನು ಮಾತ್ರ ಗೋಡೆ ಹಿಡಿದು ಸುತ್ತು ಹಾಕಬೇಕು.

ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ಅಮ್ಮಾವ್ರು ಮಗನ ಮನೆಗೆಂದು ಹೋಗಿ ನಾಲ್ಕು ತಿಂಗಳು ಬಂಗಲೆ ಮುಚ್ಚಿತ್ತು. ಬಾಗಿಲು ತೆಗೆದಾಗ ಸೋಫಾದ ಕೆಳಗಿದ್ದ ಮೂಲೆಯನ್ನು ನುಸಿ ತಿಂದಿತ್ತು. ಉಳಿದ ದಾರವನ್ನು ಇಲಿ ಕಡಿದಿತ್ತು. ಎರಡು ಅಂಗೈ ಅಗಲದ ತೂತು. ಅಮ್ಮಾವ್ರು ಅದರ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟರಂತೆ. ಯಾರು ಯಾರಿಗೋ ಫೋನು ಮಾಡಿದರು. ಬೆಂಗಳೂರಿನವರು, ಕಳಿಸಿ ನೋಡೋಣ, ಹೇಳಲಾಗದು ಎಂದರು. ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದ ಅಮ್ಮ, "ಅಮ್ಮಾರೆ, ನಾನು ಕಟ್ಕೊಡ್ತೀನಿ" ಎಂದಳು.

ಮೆಟ್ಟಿಲ ಮೇಲಿದ್ದ ರೈಟರು ಜೋರಾಗಿ ನಕ್ಕರು. "ಕಂಬಳಿ ಹೊದ್ಯೋ ಜನ ರತ್ನಗಂಬಳಿ ಕಟ್ಟಕ್ಕೆ ಹೊಂಟವ್ರೆ! ಅಮ್ಮಾರೆ, ತೂತು ಇನ್ನೂ ದೊಡ್ದಾಯ್ತದೆ, ಬ್ಯಾಡಿ."

ಅಮ್ಮಾವ್ರು ಅಮ್ಮನನ್ನೇ ನೋಡುತ್ತಿದ್ದರು. "ನಿನಗೆ ಏನು ಕೊಡಲಿ?" ಎಂದರು.

ಅಮ್ಮ ಈ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ. "ಮಗಳು ಹಾಸ್ನದಾಗೆ ಓದ್ಬೇಕು ಅಮ್ಮಾರೆ. ನಿಮ್ಮ ಹಾಸ್ನದ ಮನೇಲಿ ಹಿಂದಿನ ರೂಮು ಖಾಲಿ ಐತಲ್ಲ, ಅಲ್ಲಿ ಇರಕ್ಕೆ ಬುಡಿ. ಮನೆ ಕೆಲ್ಸ ಅವಳೇ ಮಾಡ್ಕೊಂಡು ಇರ್ತಾಳೆ. ನಂಗೆ ಬೇರೆ ಏನೂ ಬ್ಯಾಡ."

ನಮ್ಮ ಕಡೆಯಿಂದ ಕಾಲೇಜಿಗೆ ದಿನಾ ಹೋಗಿ ಬರುವುದೆಂದರೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಸಂಜೆಯದು ಕೈಕೊಟ್ಟರೆ ಇಲ್ಲ. ರಸ್ತೆಯಿಂದ ಒಳಗೆ ನಡೆಯುವಾಗ ಆನೆ ಎಲ್ಲಿದೆ ಎಂದು ವಿಚಾರಿಸಿಕೊಂಡೇ ನಡೆಯಬೇಕು. ನನಗಿಂತ ಮೊದಲು ಲೈನಿನಿಂದ ಕಾಲೇಜಿಗೆ ಸೇರಿದ ಮೂವರು ಹುಡುಗಿಯರೂ ಮೊದಲ ವರ್ಷವೇ ಬಿಟ್ಟಿದ್ದರು. ಡಿಗ್ರಿ ಆಗದು ಎಂದಾಗ ರೈಟರು ಸುಮ್ಮನೆ ಕುಹಕವಾಡಿರಲಿಲ್ಲ, ಕಂಡದ್ದನ್ನೇ ಹೇಳಿದ್ದರು. ಆದ್ದರಿಂದ ಹಾಸನದ ಆ ರೂಮೆಂದರೆ ನನ್ನ ಓದು. ಆ ಮೂಲೆ ತುಂಬಿದರೆ ರೂಮು.

"ಆಯ್ತು," ಎಂದರು ಅಮ್ಮಾವ್ರು. "ಮೊದಲು ಇದನ್ನು ಮಾಡಿ ತೋರಿಸು."

ಕೊಯ್ಲು ಮುಗಿದಿತ್ತು. ಸ್ಟೋರು ಖಾಲಿಯಿತ್ತು. ರೈಟರು ಗೊಣಗುತ್ತಲೇ ಬೀಗ ತೆಗೆದುಕೊಟ್ಟರು. ಅಮ್ಮ ಹಳೆಯ ಮಂಚವೊಂದರ ಪಟ್ಟಿ ಬಿಚ್ಚಿ, ಬರಿಯ ಚೌಕಟ್ಟಿಗೆ ರತ್ನಗಂಬಳಿಯ ಆ ಮೂಲೆಯನ್ನು ಬಿಗಿಯಾಗಿ ಎಳೆದು ಕಟ್ಟಿದಳು. ಕಡಿದುಹೋದ ನೂಲುಗಳ ಜಾಗಕ್ಕೆ ದಬ್ಬಣದಲ್ಲಿ ಹೊಸ ನೂಲು ಪೋಣಿಸಿದಳು. ಗಂಟು ಹಾಕುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತೂತಿನ ಅಂಚಿನಲ್ಲಿ ಉಳಿದಿದ್ದ ಇಪ್ಪತ್ತು ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಎಳೆ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗಿದೆ ಎಂದು ನೋಡಿ, ಮತ್ತೆ ಹಾಗೆಯೇ ಹಾಕಿ ಕಲಿತಳು. ಮೂರು ದಿನ ಅದೇ ಆಯಿತು. ನಾಲ್ಕನೆಯ ದಿನ ಅವಳ ಬೆರಳು ಅವಳನ್ನು ಕೇಳದೆಯೇ ಓಡತೊಡಗಿತು.

ಉಣ್ಣೆ ಅಜ್ಜನ ಮನೆಯಿಂದ ಬಂತು. ಬಣ್ಣದ ಪುಡಿಯ ಪೊಟ್ಟಣ ಸಕಲೇಶಪುರದ ಸಂತೆಯಿಂದ. ಲೈನಿನ ಹಿಂದೆ ಮೂರು ಕಲ್ಲಿಟ್ಟು ಡಬ್ಬದಲ್ಲಿ ಕುದಿಸಿದೆವು. ಕೆಂಪು ತೀರಾ ಢಾಳಾಗಿ ಬಂತು. ಅಮ್ಮ ಕಾಫಿ ಸಿಪ್ಪೆ ಬೇಯಿಸಿದ ನೀರು ಸೇರಿಸಿ ಸೇರಿಸಿ ಅದನ್ನು ಹಳೆಯದರ ಹತ್ತಿರಕ್ಕೆ ತಂದಳು. ಕೆನೆಬಣ್ಣಕ್ಕೆ ಬಿಳಿ ಉಣ್ಣೆಯನ್ನು ಟೀ ನೀರಿನಲ್ಲಿ ಅದ್ದಿದಳು. ನೀಲಿ ಮಾತ್ರ ಎಷ್ಟು ಮಾಡಿದರೂ ಕೂಡಲಿಲ್ಲ. ಕೊನೆಗೆ ಅಮ್ಮಾವ್ರ ಮಗನ ಹಳೆಯ ಸ್ಕೂಲ್ ಸ್ವೆಟರ್ ಬಿಚ್ಚಿ ಆ ಎಳೆ ತೆಗೆದುಕೊಂಡಳು.

ನನಗೂ ಕೆಲಸವಿತ್ತು. ಗಣಿತದ ಗ್ರಾಫ್ ಹಾಳೆಯಲ್ಲಿ ಎದುರು ಮೂಲೆಯ ಬಳ್ಳಿಯನ್ನು ಒಂದು ಗಂಟಿಗೆ ಒಂದು ಚೌಕ ಎಂದು ಗುರುತು ಹಾಕಿಕೊಂಡು, ಎಡವನ್ನು ಬಲ ಮಾಡಿ ಓದಿ ಹೇಳುವುದು. "ಕೆಂಪು ಮೂರು, ನೀಲಿ ಒಂದು, ಕೆಂಪು ಎರಡು, ಕೆನೆ ನಾಲ್ಕು." ಅಮ್ಮ ಗಂಟು ಹಾಕಿ, ಬ್ಲೇಡಿನಿಂದ ತುದಿ ಕೊಯ್ದು, ಬಂಗಲೆಯ ಸೊಟ್ಟ ಫೋರ್ಕಿನಿಂದ ಸಾಲನ್ನು ಕೆಳಕ್ಕೆ ತಟ್ಟುವಳು. ಒಂದು ಸಾಲು ಮುಗಿದರೆ ನೂಲು ಅಡ್ಡ ಹಾಯಿಸಿ ಮತ್ತೆ ತಟ್ಟುವಳು. ಬಿಡುವು ಸಿಕ್ಕಾಗ ರೈಟರು ಬಂದು ಬಾಗಿಲಿಗೆ ಒರಗುತ್ತಿದ್ದರು.

"ಎಷ್ಟು ಗಂಟಾಯ್ತವ್ವ?"

"ನಿಮ್ಮ ಹಾಜರಿ ಪುಸ್ತಕದಾಗಿರೋ ಗೀಟಿಗಿಂತ ಜಾಸ್ತಿ ಆಗೈತೆ ರೈಟ್ರೇ. ಒಂದೂ ಸುಳ್ಳು ಗೀಟಿಲ್ಲ."

"ಬಾಯಿ ನೋಡು ಇವಳ್ದು!" ಎಂದು ಬೈದರೂ ಹೋಗುತ್ತಿರಲಿಲ್ಲ, ಇನ್ನೊಂದು ಸಾಲು ನೋಡಿಯೇ ಹೋಗುತ್ತಿದ್ದರು.

ಆ ಬೇಸಿಗೆಯಷ್ಟು ಹತ್ತಿರ ನಾನು ಅಮ್ಮನ ಜೊತೆ ಹಿಂದೆಯೂ ಕೂತಿರಲಿಲ್ಲ, ಮುಂದೆಯೂ ಕೂರಲಿಲ್ಲ. ನಾನು ಹೇಳಿದ ಹಾಗೆ ಅವಳ ಕೈ ನಡೆಯುತ್ತಿತ್ತು. ಅದು ನನ್ನ ತಲೆಗೆ ಏರಿತ್ತು ಎಂದು ಈಗ ಅನ್ನಿಸುತ್ತದೆ.

ಮೇ ತಿಂಗಳಲ್ಲಿ ಕೆಲಸ ಮುಗಿಯಿತು. ಅಮ್ಮಾವ್ರು ಸ್ಟೋರಿಗೆ ಬಂದು ಕನ್ನಡಕ ಹಾಕಿಕೊಂಡು ಸುತ್ತ ನೋಡಿ, "ಯಾವ ಮೂಲೆ?" ಎಂದು ಕೇಳಿದರು. ನಿಜವಾಗಿಯೂ ಗೊತ್ತಾಗದೆ ಕೇಳಿದರು. ಅಮ್ಮ ತೋರಿಸಿದಾಗ ಬಗ್ಗಿ ಸವರಿ, ಅಮ್ಮನ ಕೈ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಸೋಮವಾರ ನಮ್ಮ ಕಾರು ಹಾಸನಕ್ಕೆ ಹೋಗುತ್ತೆ. ಬಟ್ಟೆ ಜೋಡಿಸಿಕೋ" ಎಂದರು. ಅಂದು ಶುಕ್ರವಾರ. ನನ್ನ ರಿಸಲ್ಟೂ ಬಂದಿತ್ತು, ಫಸ್ಟ್ ಕ್ಲಾಸು.

ಅಮ್ಮನಿಗೆ ಮಾತ್ರ ಒಂದು ವಿಷಯದಲ್ಲಿ ಸಮಾಧಾನವಿರಲಿಲ್ಲ. ಹಳೆಯ ಉಣ್ಣೆ ಒತ್ತಿ ಕೂತಿತ್ತು, ಹೊಸದು ನವಿರಾಗಿ ಎದ್ದು ನಿಂತಿತ್ತು. ಕೈಯಾಡಿಸಿದರೆ ಗೊತ್ತಾಗುತ್ತಿತ್ತು. ಅವಳ ತವರಿನಲ್ಲಿ ಮಗ್ಗದಿಂದ ಇಳಿಸಿದ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿಯದೆ ಹೊರಗೆ ಕೊಡುವಂತಿಲ್ಲ. ಬೀಜ ಹುರಿದು, ನೆನೆಸಿ, ರುಬ್ಬಿ, ಕಾಯಿಸಿ, ನಾರಿನ ಕುಂಚದಲ್ಲಿ ಮೈಯೆಲ್ಲ ಬಳಿದು ಬಿಸಿಲಿಗೆ ಹಾಕಿದರೆ ಎಳೆ ಕಚ್ಚಿಕೊಂಡು ಕಂಬಳಿ ಬಿರುಸಾಗುತ್ತದೆ, ಮಳೆಯ ನೀರು ಒಳಗಿಳಿಯುವುದಿಲ್ಲ. ಗಂಜಿ ಕಾಣದ ಕಂಬಳಿ ಅವರ ಲೆಕ್ಕಕ್ಕೆ ಇನ್ನೂ ಅರ್ಧ ಕೆಲಸ.

ಶನಿವಾರ ಬೆಳಿಗ್ಗೆ ಅಮ್ಮ ಕೇಳಿದಳು. "ಏನವ್ವ, ಇದಕ್ಕೂ ಗಂಜಿ ಹಾಕದಾ, ಬ್ಯಾಡ್ವಾ? ಯಾಕೋ ಮನ್ಸು ಹಿಂದೆ ಮುಂದೆ ಆಯ್ತೈತೆ."

ನಾನು ಬಟ್ಟೆ ಮಡಚುತ್ತಿದ್ದೆ. ತಲೆ ಎತ್ತಲಿಲ್ಲ. "ಉಣ್ಣೆ ಅಂದ್ರೆ ಉಣ್ಣೆ ಅಲ್ವೇನಮ್ಮ? ಪಿಷ್ಟ ಹಾಕಿದ್ರೆ ಎಳೆ ಕೂತ್ಕೊಳ್ತದೆ, ನಮ್ಮ ಸೈನ್ಸಲ್ಲೇ ಐತೆ," ಎಂದೆ. ಅಷ್ಟಕ್ಕೇ ಬಿಡಲಿಲ್ಲ. "ಒಂದು ಮೂಲೆಗೆ ಹಾಕಿದ್ರೆ ಅದೊಂದೇ ಬೇರೆ ಕಾಣ್ತದೆ. ಪೂರ್ತಿ ಹಾಕ್ಬುಡು" ಎಂದೂ ಹೇಳಿದೆ.

ಸೈನ್ಸಿನಲ್ಲಿ ಹಾಗೇನೂ ಇರಲಿಲ್ಲ. ಕಂಬಳಿ ಹೊದ್ದವನ ಮೈ ನೆನೆಯದಂತೆ ಕಾಯಬೇಕು, ಅದಕ್ಕೆ ಬಿರುಸು ಬೇಕು. ರತ್ನಗಂಬಳಿ ಕಾಲಿಗೆ ಮೆತ್ತಗಿರಬೇಕು. ಇಷ್ಟು ಅಮ್ಮನಿಗೆ ಒಳಗೊಳಗೇ ಹೊಳೆದಿತ್ತು, ಇಲ್ಲದಿದ್ದರೆ ಅವಳು ಉಣ್ಣೆಯ ವಿಷಯದಲ್ಲಿ ನನ್ನನ್ನು ಕೇಳುವವಳೇ ಅಲ್ಲ. ಓದಿದ ಮಗಳು ಹೇಳಿದಳೆಂದು ತನ್ನ ಅನುಮಾನವನ್ನು ಬದಿಗಿಟ್ಟಳು.

ಬೀಜ ನೆನೆಸಿ ರುಬ್ಬಿ ಗಂಜಿ ಕಾಯಿಸಿ, ಭಾನುವಾರ ಬೆಳಿಗ್ಗೆ ರತ್ನಗಂಬಳಿಯನ್ನು ಕಾಫಿ ಒಣಗಿಸುವ ಕಣದಲ್ಲಿ ಹಾಸಿದೆವು. ಒಳ್ಳೆಯ ಬಿಸಿಲು. ಅಮ್ಮ ಕುಂಚ ಹಿಡಿದಳು, ನಾನು ಗಂಜಿಯ ಡಬ್ಬ ಹಿಡಿದೆ. ಮೊದಲು ನಡುಭಾಗಕ್ಕೆಲ್ಲ ಬಳಿದು, ಆಮೇಲೆ ತಾನು ಕಟ್ಟಿದ ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ಎಳೆಯುತ್ತ ಹೋದಳು. ಮೊದಲು ಗೊತ್ತಾಗಲಿಲ್ಲ. ಅರ್ಧ ಅಂಚು ಮುಗಿದ ಮೇಲೆ ನೋಡಿದರೆ ನಮ್ಮ ಪೊಟ್ಟಣದ ಕೆಂಪು ಬಿಸಿ ಗಂಜಿಗೆ ಬಿಟ್ಟುಕೊಂಡು, ಕುಂಚಕ್ಕೆ ಹತ್ತಿ, ಕೆನೆಬಣ್ಣದ ಅಂಚಿನ ಮೇಲೆಲ್ಲ ಹರಡಿತ್ತು. ಅಮ್ಮ ಗಾಬರಿಯಿಂದ ನೀರು ಹಾಕಿದಳು. ನೀರು ಬಿದ್ದಲ್ಲೆಲ್ಲ ಇನ್ನಷ್ಟು ಹಬ್ಬಿತು. ಸೆರಗಿನಿಂದ ಒತ್ತಿದಳು. ಅಷ್ಟರಲ್ಲಿ ಗಂಜಿ ಬಿದ್ದ ಕಡೆ ಉಣ್ಣೆ ಗಡ್ಡೆ ಗಡ್ಡೆಯಾಗಿ ಅಂಟಿಕೊಂಡು ಒಣಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ರತ್ನಗಂಬಳಿ ಹಲಗೆಯ ಹಾಗೆ ಸೆಟೆದು ಕೂತಿತು. ಎತ್ತಿದರೆ ಮಡಚಲಿಲ್ಲ.

ಅಮ್ಮಾವ್ರು ಕಣಕ್ಕೆ ಬಂದರು. ಹಿಂದೆ ರೈಟರು.

"ಇದನ್ನ ಹಾಕು ಅಂತ ಯಾರು ಹೇಳಿದ್ದು?" ಎಂದು ಅಮ್ಮಾವ್ರು ಕೇಳಿದರು.

ಅಮ್ಮ ನನ್ನ ಕಡೆ ನೋಡಲೇ ಇಲ್ಲ. "ನಾನೇ ಅಮ್ಮಾರೆ. ನಮ್ಮಪ್ಪನ ಮನೇಲಿ ಹಂಗೇ ಮಾಡೋದು. ತಿಳೀದೆ ಮಾಡ್ಬುಟ್ಟೆ."

ನನ್ನ ಕೈಯಲ್ಲಿ ಡಬ್ಬವಿತ್ತು. ನಾನು ಹೇಳಿದ್ದು ಎನ್ನಲು ಬಾಯಿ ಇತ್ತು. ಹೇಳಿದರೆ ಹಾಸನದ ರೂಮು ಹೋಗುತ್ತದೆ ಎಂದು ಹೆದರಿದೆ. ಅದು ಆಗಲೇ ಹೋಗಿತ್ತು, ನನಗೆ ಅಷ್ಟೂ ತಿಳಿಯಲಿಲ್ಲ. ಸುಮ್ಮನೆ ನಿಂತೆ.

"ನಮ್ಮಮ್ಮನದು ಅಂತ ಇದೊಂದೇ ಉಳಿದಿತ್ತು," ಎಂದು ಅಮ್ಮಾವ್ರು ಒಳಗೆ ಹೋದರು. ಬೈಯಲಿಲ್ಲ. ಬೈದಿದ್ದರೆ ಅಮ್ಮ ಬಂಗಲೆಯ ಕೆಲಸದಲ್ಲೇ ಉಳಿಯುತ್ತಿದ್ದಳೇನೋ. ನಮ್ಮನ್ನು ಆಡಿಕೊಳ್ಳಲು ಯಾವತ್ತೂ ತಡಮಾಡದ ರೈಟರು ಕೂಡ ಆವತ್ತು ಬಗ್ಗಿ, ಒಂದು ತುದಿ ಹಿಡಿದು, ಅಮ್ಮನ ಜೊತೆ ಅದನ್ನು ಸ್ಟೋರಿಗೆ ಹೊತ್ತುಹಾಕಿದರು.

ಸೋಮವಾರ ಕಾರು ಹೋಯಿತು. ನಮ್ಮನ್ನು ಕರೆಯಲು ಯಾರೂ ಬರಲಿಲ್ಲ. ಬಂಗಲೆಗೆ ಬರಬೇಡ ಎಂದು ಅಮ್ಮಾವ್ರು ಹೇಳಿಯೂ ಇರಲಿಲ್ಲ, ಅಮ್ಮನೇ ಹೋಗುವುದನ್ನು ನಿಲ್ಲಿಸಿದಳು. ತೋಟದ ಕೆಲಸಕ್ಕೆ ಸೇರಿದಳು. ಮೂವತ್ತೆಂಟು ವರ್ಷದ ಹೆಂಗಸು, ಗುಡ್ಡ ಹತ್ತಿ ಇಳಿದು ಗೊಬ್ಬರ ಹೊರುವುದನ್ನು ಹೊಸದಾಗಿ ಕಲಿತಳು. ಬಿಚ್ಚಿಟ್ಟ ನನ್ನ ಬಟ್ಟೆಯ ಗಂಟು ನೋಡಿ ಒಂದೇ ಮಾತು ಹೇಳಿದಳು. "ರೂಮಿಲ್ದಿದ್ರೆ ಬಸ್ಸೈತಲ್ಲ. ಸಕಲೇಶಪುರದಾಗೆ ಸೇರ್ಕೊ."

ಸೇರಿದೆ. ಐದು ವರ್ಷ. ಬೆಳಿಗ್ಗೆ ಐದಕ್ಕೆ ಎದ್ದು ರಸ್ತೆಗೆ ನಡೆಯುವುದು. ಸಂಜೆ ಬಸ್ಸಿಳಿದರೆ ಅಮ್ಮ ತೋಟದ ಕೆಲಸ ಮುಗಿಸಿ ಅದೇ ಕೆಸರು ಕಾಲಿನಲ್ಲಿ ರಸ್ತೆಗೆ ಬಂದು ಕಾಯುತ್ತಿರುತ್ತಿದ್ದಳು. ಬಸ್ಸು ಬರದ ದಿನ ನಾನು ಲಾರಿಯವರನ್ನು ಕೈಯೊಡ್ಡಿ ನಿಲ್ಲಿಸಿ ಬಂದದ್ದಿದೆ, ಮಾರ್ಕೆಟ್ಟಿಗೆ ಮೆಣಸು ಹಾಕಿ ಬರುವ ಜೀಪಿನಲ್ಲಿ ನಿಂತು ಬಂದದ್ದಿದೆ. ಎಷ್ಟು ತಡವಾದರೂ ಅಮ್ಮ ಅಲ್ಲಿರುತ್ತಿದ್ದಳು. ಒಂದು ದಿನವೂ ರತ್ನಗಂಬಳಿಯ ಮಾತೆತ್ತಲಿಲ್ಲ. ಆದರೆ ಮತ್ತೆ ಉಣ್ಣೆ ಮುಟ್ಟಲಿಲ್ಲ. ಅಜ್ಜ ಹಬ್ಬಕ್ಕೆ ಕರೆದಾಗ ಹೋದರೂ ಮಗ್ಗದ ಕಡೆ ಸುಳಿಯುತ್ತಿರಲಿಲ್ಲ.

ರತ್ನಗಂಬಳಿಯನ್ನು ಸ್ಟೋರಿನಲ್ಲಿ ಯಾರೋ ತಕ್ಕಡಿಯ ಕೆಳಗೆ ಹಾಸಿಬಿಟ್ಟಿದ್ದರು. ಕೊಯ್ಲಿನ ಕಾಲದಲ್ಲಿ ಹೆಂಗಸರು ಕಾಫಿ ಹಣ್ಣಿನ ಚೀಲ ಹೊತ್ತು ತಂದು ಅದರ ಮೇಲೆ ನಿಂತೇ ತೂಕ ಹಾಕಿಸಬೇಕು. ನಾನು ಒಮ್ಮೆ ರಜೆಯಲ್ಲಿ ಅಮ್ಮನ ಜೊತೆ ಕೊಯ್ಯಲು ಹೋಗಿದ್ದಾಗ ನೋಡಿದೆ. ಎಲ್ಲರೂ ಅದನ್ನು ತುಳಿದುಕೊಂಡೇ ಹೋಗುತ್ತಿದ್ದರು. ಮಣ್ಣು ಮೆತ್ತಿ ಕೆಂಪು ಯಾವುದು, ಕೆನೆ ಯಾವುದು ಗೊತ್ತಾಗುತ್ತಿರಲಿಲ್ಲ. ಅಮ್ಮ ಮಾತ್ರ ತಲೆಯ ಮೇಲೆ ಅಷ್ಟು ಭಾರ ಹೊತ್ತು ಗೋಡೆಯ ಬದಿಯಿಂದ ಸುತ್ತು ಬಂದು, ಚೀಲವನ್ನು ದೂರದಿಂದಲೇ ವಾಲಿಸಿ ಕೊಟ್ಟಳು. ಹಿಂದಿನವಳು, "ಇವಳಿಗೇನು ಮಡಿ ಬಂದೈತೋ!" ಎಂದು ನಕ್ಕಳು. ನಾನು ಆ ದಿನ ಹೇಳಬೇಕಿತ್ತು, ಅಮ್ಮ, ತಪ್ಪು ನಂದು ಅಂತ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಒಂದು ಪರೀಕ್ಷೆ ಮುಗಿದರೆ ಇನ್ನೊಂದು.

ನಾನು ಕೊನೆಯ ವರ್ಷದ ಬಿ.ಎ.ಯಲ್ಲಿದ್ದಾಗ ಅಮ್ಮನಿಗೆ ಕಾಮಾಲೆಯಾಯಿತು. ನಾಟಿ ಔಷಧಿ ಎಂದು ಎರಡು ವಾರ ಕಳೆದೆವು. ಆಮೇಲೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾಲ್ಕು ದಿನ ಇದ್ದಳು. ಮೂರನೆಯ ದಿನ ಎಚ್ಚರವಾಗಿದ್ದಾಗ ಅವಳ ಕೈ ಹಿಡಿದು, "ಅಮ್ಮ, ಆವತ್ತು ಕಣದಲ್ಲಿ" ಎಂದು ಶುರುಮಾಡಿದೆ. ಅವಳು ಕೇಳಿಸಿಕೊಳ್ಳದವಳ ಹಾಗೆ, "ಪರೀಕ್ಷೆ ಯಾವಾಗ?" ಎಂದಳು. ಬರುವ ತಿಂಗಳು ಎಂದೆ. "ಹಾಲ್ ಟಿಕೆಟ್ ಇಸ್ಕಂಡಾ?" ಎಂದಳು. ಇನ್ನೂ ಇಲ್ಲ ಎಂದೆ. "ಹೋಗಿ ಇಸ್ಕೊಂಡು ಬಾ, ಇಲ್ಲಿ ಕೂತು ಏನ್ ಮಾಡ್ತೀಯ" ಎಂದಳು. ನಾನು ಹೋದೆ. ಇಸಿದುಕೊಂಡು ಬಂದೆ. ತೋರಿಸಿದಾಗ ಅವಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮರುದಿನ ತೀರಿಕೊಂಡಳು.

ಪರೀಕ್ಷೆ ಬರೆದೆ. ಹೇಗೆ ಬರೆದೆನೋ ಗೊತ್ತಿಲ್ಲ, ಬರೆದೆ. ಪಾಸಾದೆ. ಪದವಿ ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನು ಬಂದದ್ದು ಅದಾಗಿ ಬಹಳ ತಿಂಗಳ ಮೇಲೆ. ಆಫೀಸಿನ ಕಿಟಕಿಯಲ್ಲಿ ಒಂದು ಸಹಿ ಹಾಕಿಸಿಕೊಂಡು ಕೊಟ್ಟರು. ದಪ್ಪ ಕಾಗದ, ನನ್ನ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇತ್ತು. ಮಡಚಬಾರದೆಂದು ಬಸ್ಸಿನಲ್ಲಿ ಎದೆಗೆ ಆನಿಸಿಕೊಂಡೇ ಬಂದೆ. ರಸ್ತೆಯಲ್ಲಿ ಇಳಿದಾಗ ಯಾರೂ ಇರಲಿಲ್ಲ.

ಅಪ್ಪ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ. ಕೈ ಒರೆಸಿಕೊಂಡು, ಎರಡೂ ಕೈಯೊಡ್ಡಿ ಪ್ರಮಾಣಪತ್ರ ಇಸಿದುಕೊಂಡ. ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದ. ಆಗ ನನಗೆ ತಡೆಯಲಾಗಲಿಲ್ಲ. "ಅಪ್ಪ, ಆವತ್ತು ಗಂಜಿ ಹಾಕು ಅಂತ ಹೇಳಿದ್ದು ನಾನು. ಪೂರ್ತಿ ಹಾಕು ಅಂದಿದ್ದೂ ನಾನೇ. ಅಮ್ಮ ಅನುಮಾನ ಪಡ್ತಿದ್ಲು" ಎಂದೆ.

ಅಪ್ಪ ಪ್ರಮಾಣಪತ್ರವನ್ನು ನೀರು ತಾಗದ ಹಾಗೆ ಮೇಲಿನ ಹಲಗೆಯಲ್ಲಿಟ್ಟು ಬಂದು ನನ್ನ ಪಕ್ಕ ಕೂತ.

"ನಂಗೊತ್ತು ಕಣವ್ವ. ಆವತ್ತೇ ಸಂಜೆ ಹೇಳಿದ್ಲು. ಮಗೀನ ಮುಂದೆ ಬಾಯಿ ಬುಡ್ಬ್ಯಾಡಿ, ತನ್ನದೇ ತಪ್ಪು ಅಂತ ಅಳ್ತಾ ಕೂತ್ರೆ ಓದೋದ್ನೇ ಬುಟ್ಬುಡ್ತದೆ ಅಂತ ಆಣೆ ಹಾಕಿಸ್ಕೊಂಡಿದ್ಲು. ಈಗ ಓದು ಮುಗೀತಲ್ಲ. ಇನ್ನು ಅಳು, ಮಗಾ."